ಅಕ್ಕನ ಗಿಡದ ಕಾಫಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾ ತೋಟದ ಕಾಫಿ ಗಿಡವೊಂದರ ಮುಂದೆ ಮಣೆ ಹಾಕಿ ಕುಳಿತ ಹೆಂಗಸು ತುಟಿಯಲ್ಲಿ ತಳಿಯ ಹೆಸರು ಬರೆದ ಚೀಟಿಯೊಂದನ್ನು ಕಚ್ಚಿಕೊಂಡು, ಚಿಮುಟದಿಂದ ಮೊಗ್ಗಿನ ಎಸಳುಗಳನ್ನು ಎಳೆದು ತೆಗೆಯುತ್ತಿದ್ದಾರೆ. ಎಸಳಿನ ಜೊತೆಗೆ ಪರಾಗದ ಕೇಸರಗಳೂ ಕಿತ್ತು ಬರುತ್ತವೆ. ಕೊಂಬೆಗೆ ಕಾಗದದ ಚೀಲ ಕಟ್ಟಿ, ಬಾಯಲ್ಲಿದ್ದ ಚೀಟಿಯನ್ನು ತೂಗುಬಿಡುತ್ತಾರೆ. ನಾಳೆ ರೋಗ ತಡೆಯುವ ಬೇರೊಂದು ತಳಿಯ ಪರಾಗವನ್ನು ಕುಂಚದಲ್ಲಿ ಸವರಿದರೆ ಸಂಬಂಧ ಕುದುರಿದಂತೆ.

“ಮದುವೆ ದಲ್ಲಾಳಿ ಕೆಲಸ ನಂದು. ಗಂಡು, ಹೆಣ್ಣು ಇಬ್ರೂ ಬಾಯಿ ಬಿಡಲ್ಲ, ಅಷ್ಟೇ ಪುಣ್ಯ!” ಎಂದು ನಗುತ್ತಾರೆ.

ತೋಟದವರಿಗೆಲ್ಲ ಇವರು ‘ಚೀಟಿ ಚಿಕ್ಕಮ್ಮ’. ಎದ್ದ ಕೂಡಲೇ ಕಾಫಿ ಬೀಳದಿದ್ದರೆ ನನಗಂತೂ ತಲೆಯೇ ಓಡದು. ಆದರೆ ಆ ಲೋಟದ ಹಿಂದೆ ಇಂಥ ಬೆರಳುಗಳಿವೆಯೆಂದು ಯಾವತ್ತಾದರೂ ಯೋಚಿಸಿದ್ದೆನೇ? ಹೂವಿನ ಕಾಲದಲ್ಲಿ ಚಿಕ್ಕಮ್ಮ ದಿನಕ್ಕೆ ಮುನ್ನೂರು ಮೊಗ್ಗು ಬಿಡಿಸುತ್ತಾರೆ. ಸೊಂಟ ಹಿಡಿದುಕೊಳ್ಳುತ್ತದೆ, ಕೆಂಪಿರುವೆ ಕಚ್ಚುತ್ತದೆ. ಕೈ ಮಾತ್ರ ಅಲುಗಬಾರದು.

ಕೆಲಸ ಕಲಿಸಿದವಳು ಸ್ವಂತ ಅಕ್ಕ. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಹರಟುತ್ತಲೇ ಮೊಗ್ಗು ಬಿಡಿಸಿದವರು. ಈ ಕೆಲಸದಲ್ಲಿ ಒಂದು ತಪ್ಪಿಗೆ ಕ್ಷಮೆಯಿಲ್ಲ. ಒಂದು ದಿನ ತಡವಾಗಿ ಮುಟ್ಟಿದ ಮೊಗ್ಗು ಒಳಗೊಳಗೇ ತನ್ನ ಪರಾಗವನ್ನೇ ತಾನು ತೆಗೆದುಕೊಂಡಿರುತ್ತದೆ. ಹೊರಗಿನಿಂದ ಏನೂ ತಿಳಿಯದು. ಬೀಜ ಬಿತ್ತಿ, ಗಿಡ ಬೆಳೆದು, ಎಲೆಗೆ ತುಕ್ಕು ರೋಗ ಹತ್ತಿದಾಗಲೇ ಅದು ಹೊಸ ತಳಿಯಲ್ಲ, ತಾಯಿ ಗಿಡದ ಪಡಿಯಚ್ಚು ಎಂದು ಗೊತ್ತಾಗುವುದು.

ಅಕ್ಕ ಮಾಡಿದ ಸಾಲಿಗೆ ಸಾಲೇ ಹಾಗೆ ತುಕ್ಕು ಹಿಡಿಯಿತು. ನಾಲ್ಕು ವರ್ಷದ ಶ್ರಮ ಮಣ್ಣುಪಾಲು.

“ಅವಳ ಕಣ್ಣು ಮಂಜಾಗಿತ್ತು, ಯಾರಿಗೂ ಹೇಳಿರಲಿಲ್ಲ. ಬೇರೆಯವರು ಬೈದಿದ್ದು ಬಿಡಿ. ನಾನೇ ಎಲ್ಲರೆದುರು ‘ಕಣ್ಣು ಕಾಣದಿದ್ರೆ ಮನೇಲಿರ್ಬೇಕಿತ್ತು’ ಅಂದ್ಬಿಟ್ಟೆ. ಯಾಕಾದ್ರೂ ಅಂದ್ನೋ!”

ಅಕ್ಕ ಅಂದೇ ಕೆಲಸ ಬಿಟ್ಟು ದೂರದ ಊರಿನ ಮಗಳ ಮನೆ ಸೇರಿದಳು. ಕಾಫಿ ಕುಡಿಯುವುದನ್ನೂ ಬಿಟ್ಟಳಂತೆ.

ಆ ಸಾಲನ್ನು ಕಿತ್ತು ಹಾಕುವ ದಿನ ಕೊನೆಯ ಗಿಡದ ಮುಂದೆ ಚಿಕ್ಕಮ್ಮ ಅಡ್ಡ ನಿಂತರು. ಒಂದೆಲೆಯ ಮೇಲೂ ತುಕ್ಕಿರಲಿಲ್ಲ. ಅಷ್ಟೂ ಮೊಗ್ಗುಗಳಲ್ಲಿ ಒಂದನ್ನು ಅಕ್ಕ ಸರಿಯಾದ ಹೊತ್ತಿಗೇ ಹಿಡಿದಿದ್ದಳು. ಆ ಗಿಡ ಉಳಿಯಿತು. ಅದರ ಮಕ್ಕಳು, ಮೊಮ್ಮಕ್ಕಳೂ ರೋಗಕ್ಕೆ ಬಗ್ಗಲಿಲ್ಲ. ಈ ವರ್ಷ ಆ ತಳಿ ಬೆಳೆಗಾರರ ಕೈ ಸೇರುತ್ತಿದೆ.

ಇಷ್ಟು ವರ್ಷ ಅದರ ಹಣ್ಣೆಲ್ಲ ಬಿತ್ತನೆಗೇ ಹೋಗುತ್ತಿದ್ದರಿಂದ ಅದರ ಕಾಫಿಯನ್ನು ಯಾರೂ ಕುಡಿದಿರಲಿಲ್ಲ. ಮೊನ್ನೆ ರುಚಿ ನೋಡುವವರು ಬಂದರು. ಚಿಕ್ಕಮ್ಮ ಕಿಟಕಿಯಾಚೆ ನಿಂತು ನೋಡಿದರು.

“ಸೊರ್ ಅಂತ ಹೀರೋದು, ಥೂ ಅಂತ ಉಗಿಯೋದು! ಅವರ ಪದ್ಧತಿನೇ ಹಾಗಂತೆ. ನನಗೆ ಹೊಟ್ಟೆ ಉರಿದುಹೋಯ್ತು. ಆಮೇಲೆ ಒಬ್ರು ಉಗೀಲಿಲ್ಲ, ನುಂಗಿದ್ರು. ಅಕ್ಕ ಇದನ್ನ ನೋಡ್ಬೇಕಿತ್ತು ಅನ್ನಿಸಿ ಅಳು ಬಂತು.”

ಮಿಕ್ಕಿದ್ದ ಹಸಿ ಬೀಜವನ್ನು ಅಧಿಕಾರಿ ಇವರಿಗೇ ಕೊಟ್ಟರು. ಕೆಲಸ ಮುಗಿಸಿದ ಅವರೊಡನೆ ಮನೆಗೆ ಹೋದರೆ, ಅಡುಗೆಮನೆಯ ಮೇಲಿನ ಗೂಡಿನಲ್ಲಿ ಅದು ಡಬ್ಬದೊಳಗೆ ಭದ್ರವಾಗಿದೆ. “ಮನೇಲಿ ಇಂಥ ಬೀಜ ಇಟ್ಕೊಂಡು ನಾನು ಅಂಗಡಿ ಪುಡೀಲೇ ಕಾಲ ಹಾಕ್ಬೇಕು ನೋಡಿ” ಎಂದು ಗಂಡ ಗೊಣಗುತ್ತಾರೆ.

“ಸುಮ್ನಿರ್ರೀ. ಅಕ್ಕ ಬಂದ ದಿನಾನೇ ಹುರಿಯೋದು. ಮೊದಲ ಗುಟುಕು ಅವಳದ್ದು.”

ಬರುತ್ತಾರಾ ಎಂದು ಕೇಳುತ್ತೇನೆ. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

“ಪ್ರತಿ ಸಲ ಫೋನ್ ಮಾಡಿದಾಗ್ಲೂ ‘ಬರಲ್ಲ’ ಅಂತಿದ್ಲು. ಈ ಸಲ ನುಂಗಿದೋರ ವಿಷಯ ಹೇಳ್ದೆ. ‘ನಿಜವಾಗ್ಲೂ ನುಂಗಿದ್ರಾ?’ ಅಂತ ಎರಡು ಸಲ ಕೇಳಿದ್ಲು. ಆಮೇಲೆ ‘ಯಾವ ಬಸ್ಸು?’ ಅಂದ್ಲು.”