ಪೂಜಿತಾಳ ಶಿಲುಬೆಯ ಮೇಲಿನ ಹೆಸರು

ಮಗಳನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಹೊಸಪೇಟೆಯ ಕ್ರೈಸ್ತರ ಸಮಾಧಿ ನೆಲದಲ್ಲಿ ಉಚ್ಚೆಂಗಮ್ಮ ಆ ಮರದ ಶಿಲುಬೆಯ ಮುಂದೆ ಕುಳಿತು ಆಗಷ್ಟೇ ಬರೆದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ಪೂಜಿತಾ. ತಂದೆ ಮೂಕಣ್ಣ.

"ಇದು ಸುಳ್ಳೈತಿ, ಅಳಸ್ರಿ," ಅಂದಳು.

ಬಣ್ಣದ ಡಬ್ಬಿ ಹಿಡಿದಿದ್ದ ಸಭೆಯ ಹಿರಿಯ ವಿಜಯಕುಮಾರ್ ತಬ್ಬಿಬ್ಬಾದ. "ಸಾಲಿ ಸರ್ಟಿಫಿಕೇಟ್‌ನಾಗ ಹಂಗ ಐತಲ್ರೀ ಅಮ್ಮಾ. ನೋಡ್ಕೊಂಡೇ ಬರದೀನಿ."

ಇತ್ತು, ನಿಜ. ಮೂಕಣ್ಣ ಉಚ್ಚೆಂಗಮ್ಮನ ಒಡಹುಟ್ಟಿದ ತಮ್ಮ. ಅವರ ತಾಯಿ ದುರ್ಗಕ್ಕನಿಗೆ ಪಾಪಿನಾಯಕನಹಳ್ಳಿಯಲ್ಲಿ, ಇನ್ನೂ ಹುಡುಗಿಯಾಗಿದ್ದಾಗಲೇ, ದೇವಿಯ ಹೆಸರಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ಮುಂದೆ ಉಚ್ಚೆಂಗಮ್ಮನಿಗೂ ಕಟ್ಟಿದರು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ; ಅವಳ ಮಕ್ಕಳಿಗೆ ಅಪ್ಪನ ಹೆಸರಿಲ್ಲ. ಪೂಜಿತಾಳನ್ನು ಸಾಲಿಗೆ ಹಾಕುವಾಗ ಮೇಷ್ಟ್ರು ತಂದೆಯ ಹೆಸರು ಕೇಳಿದ್ದಕ್ಕೆ ಸೋದರಮಾವನೇ ಮುಂದೆ ಬಂದು "ನಂದ ಬರ್ಕೊಳ್ರಿ" ಅಂದಿದ್ದ. ಅಂಥ ಮನೆಗಳಲ್ಲಿ ಹಾಗೆ ಮಾಡುವುದು ವಾಡಿಕೆಯೇ.

ಮುತ್ತು ಕಿತ್ತು ಹಾಕಿ ಯೇಸುವಿನ ಸಭೆ ಸೇರಿದ ಮೇಲೂ ಉಚ್ಚೆಂಗಮ್ಮ ತಾಯಿಯ ಸಂಗತಿ ಯಾರೆದುರೂ ಬಾಯಿ ಬಿಟ್ಟಿರಲಿಲ್ಲ. ಆದರೆ ಮಗಳು ತೋರಣಗಲ್ಲಿನ ಕ್ಯಾಂಟೀನಿನ ಕೆಲಸದಿಂದ ಎಷ್ಟೇ ದಣಿದು ಬರಲಿ, ಬೈಬಲ್ ತೆಗೆಯಬೇಕಿತ್ತು. ಅದೂ ಎಲ್ಲರೂ ದಾಟಿಸಿ ಓದುವ ಹಾಳೆಯೇ ಬೇಕು: ಯಾರಿಗೆ ಯಾರು ಹುಟ್ಟಿದರು ಅನ್ನುವ ಯೇಸುವಿನ ವಂಶಾವಳಿ.

"ಬರೇ ಹೆಸರು ಅದಾವಬೇ ಯವ್ವಾ, ಬಾಯಿ ನೋಯ್ತೈತಿ," ಎಂದು ಪೂಜಿತಾ ನಗುತ್ತಿದ್ದಳು.

"ರಹಾಬಳ ತನಕರ ಓದಬೇ."

ಊರೆಲ್ಲ ಸೂಳೆಯೆಂದು ಕರೆದ ಆ ಹೆಂಗಸಿನ ಹೆಸರು ಬಂದಾಗ ಉಚ್ಚೆಂಗಮ್ಮ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ದೇವರು ತನ್ನ ಮಗನ ಮನೆತನದಲ್ಲಿ ಅವಳನ್ನು ಮುಚ್ಚಿಟ್ಟಿರಲಿಲ್ಲವಲ್ಲ! ಹಾಗೆ ಓದಿ ಹೇಳುತ್ತಿದ್ದ ಮಗಳು ಮೂವತ್ತಕ್ಕೇ ಕಾಮಾಲೆಯಾಗಿ ಹೋಗಿಬಿಟ್ಟಳು.

"ಅಳಿಸಿದ್ರ ಮಂದಿ ಕೇಳ್ತಾರ್ರಿ," ವಿಜಯಕುಮಾರ್ ದನಿ ತಗ್ಗಿಸಿದ.

"ಕೇಳ್ಲಿ. ರಹಾಬಳನ್ನ ದೇವ್ರ ಬರಸ್ಯಾನ. ನಮ್ಮವ್ವನ್ನ ನಾ ಯಾಕ ಮುಚ್ಚಿಡ್ಲಿ?"

ಹಿಂದೆ ನಿಂತಿದ್ದ ಮೂಕಣ್ಣನ ಮುಖ ಕಪ್ಪಿಟ್ಟಿತು. "ಅಕ್ಕಾ, ನನ್ ಹೆಸರು ತಗಸ್ತೀಯೇನ? ಆಕಿನ್ನ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ಸಾಲಿಗೆ ಒಯ್ದಾವ ನಾನು. ಅಪ್ಪ ಅಂತ ಒಮ್ಮೆನೂ ಕರಿಲಿಲ್ಲ, ಆದ್ರೂ ಹೆಸರಿತ್ತು."

"ಗೊತ್ತೈತೋ ತಮ್ಮಾ. ಬದುಕಿದ್ದಾಗ ನಿನ್ ಹೆಸರು ಆಕಿಗೆ ನೆಳ್ಳಾಗಿತ್ತು. ಈಗ ಆಕಿಗೆ ಯಾವ ಬಿಸಲೈತಿ?"

ಮೂಕಣ್ಣ ಹೆಗಲ ಮೇಲಿನ ಟವೆಲಿನ ತುದಿಯನ್ನು ಕುಂಚ ತೊಳೆಯಲು ಇಟ್ಟಿದ್ದ ಸೀಮೆಎಣ್ಣೆಯಲ್ಲಿ ಅದ್ದಿ, ಕೆಂಪು ಮಣ್ಣಿನಲ್ಲಿ ಮೊಣಕಾಲೂರಿ, ತನ್ನ ಹೆಸರನ್ನು ತಾನೇ ಒರೆಸಿದ. ಹಸಿ ಕರಿ ಬಣ್ಣ ಅವನ ಕೈಗೆಲ್ಲ ಮೆತ್ತಿತು.

"ಏನ್ ಬರೀಲ್ರಿ?" ವಿಜಯಕುಮಾರ್ ಕೇಳಿದ.

"ದುರ್ಗಕ್ಕನ ಮಗಳು ಉಚ್ಚೆಂಗಮ್ಮ. ಉಚ್ಚೆಂಗಮ್ಮನ ಮಗಳು ಪೂಜಿತಾ."

ಅವನು ಬರೆದ. ಕೆಳಗೆ ಇನ್ನೂ ಜಾಗ ಉಳಿದಿತ್ತು. "ಆಮ್ಯಾಲ?"

"ಆಮ್ಯಾಲ ಯಾರದಾರಪ್ಪಾ," ಅಂದವಳು ಆ ಖಾಲಿ ಜಾಗದ ಮೇಲೆ ಅಂಗೈ ಇಟ್ಟಳು. ಮೂಕಣ್ಣ ಆ ಬಣ್ಣ ಮೆತ್ತಿದ ಕೈಗಳಲ್ಲೇ ಅಕ್ಕನನ್ನು ಹಿಡಿದುಕೊಂಡ.