ಬಾಗಿಲಿಲ್ಲದ ಮನೆಗಳ ಕತ್ತಲು

ಹೈದರಾಬಾದಿನ ಕೊಂಡಾಪುರದ ಆ ಕಟ್ಟಡಕ್ಕೆ ಇನ್ನೂ ಗೋಡೆಗಳು ಪೂರ್ತಿ ಬಂದಿಲ್ಲ. ಭಾನುವಾರದ ಬೆಳಗಿನ ಜಾವ, ನಾಲ್ಕನೇ ಮಹಡಿಯ ಹಸಿ ಸ್ಲ್ಯಾಬಿನ ಮೇಲೆ ಮೊಣಕಾಲೂರಿ ಕೂತಿರುವ ರೇಣುಕಾ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಒಂದು ಕಂಬವನ್ನು ನೋಡುತ್ತಿದ್ದಾರೆ. ಕಂಬದಿಂದ ಹೊರಚಾಚಿದ ಕಬ್ಬಿಣದ ಸರಳಿಗೆ ಹಳೆಯ ಸೀರೆಯ ಒಂದು ತುದಿ ಕಟ್ಟಿದೆ. ಇನ್ನೊಂದು ತುದಿಯಲ್ಲಿ ಮಗುವಿಲ್ಲ, ಮರಳು ತುಂಬಿದ ಚೀಲವಿದೆ. ಸ್ವಲ್ಪ ಆಚೆ ಲಿಫ್ಟಿಗೆಂದು ಬಿಟ್ಟ ಗುಂಡಿ. ಕೆಳಗೆ, ಇದೇ ಕಟ್ಟಡದಲ್ಲಿ ವಾಸವಿರುವ ಕೂಲಿ ಕುಟುಂಬಗಳು ಒಲೆ ಹಚ್ಚುತ್ತಿವೆ. ಹೊಗೆ ಆ ಗುಂಡಿಯ ಮೂಲಕವೇ ಮೇಲೇರುತ್ತಿದೆ.

"ಜಲ್ದಿ ಮಾಡ್ರಿ ಅಕ್ಕಾ, ಇನ್ನೇನ ಬೆಳಕು ಹರೀತದ. ಸೂರ್ಯಗ ನಾವೇನು ಅಡ್ವಾನ್ಸ್ ಕೊಟ್ಟಿಲ್ಲ," ಎನ್ನುತ್ತಾರೆ ಕ್ಯಾಮೆರಾ ಹಿಡಿದಿರುವ ಭೀಮಾಶಂಕರ.

"ನಿನಗೂ ಕೊಟ್ಟಿಲ್ಲ. ಸುಮ್ಮನ ಹಿಡಿ," ಎಂದು ರೇಣುಕಾ ಉತ್ತರಿಸುತ್ತಾರೆ.

ಇದು ರೇಣುಕಾ ನಿರ್ದೇಶಿಸುತ್ತಿರುವ ನಾಲ್ಕನೇ ಕಿರುಚಿತ್ರ. ಇಪ್ಪತ್ತೇಳರ ಈಕೆ ವಾರವಿಡೀ ಅಮೀರ್‌ಪೇಟ್‌ನ ಸ್ಟುಡಿಯೋ ಒಂದರಲ್ಲಿ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಾರೆ. ಭಾನುವಾರ ಕೆಲಸಗಾರರು ಬರುವ ಮೊದಲು, ಮೇಸ್ತ್ರಿಯ ಅನುಮತಿಯ ಮೇಲೆ, ಅರೆಕಟ್ಟಿದ ಅಪಾರ್ಟ್‌ಮೆಂಟುಗಳಲ್ಲಿ ತಮ್ಮ ಸಿನಿಮಾ ತೆಗೆಯುತ್ತಾರೆ. ಮೊದಲ ಮೂರು ಚಿತ್ರಗಳನ್ನು ತಾವಾಗಿಯೇ ಮಾಡಿದರು. ನಾಲ್ಕನೆಯದನ್ನು ಮಾಡು ಎಂದವರು ತಾಯಿ ಶಂಕ್ರಮ್ಮ. ಹದಿನಾರು ವರ್ಷಗಳ ಹಿಂದೆ ಅವರ ಎರಡು ವರ್ಷದ ಮಗ ಮೋಹನ ಇಂಥದೇ ಲಿಫ್ಟಿನ ಗುಂಡಿಯಲ್ಲಿ ಬಿದ್ದು ಸತ್ತ. ತಾಯಿ ಮಗುವನ್ನು ಸರಿಯಾಗಿ ಕಟ್ಟಿರಲಿಲ್ಲ, ಗಂಟು ಬಿಚ್ಚಿತು ಎಂದು ಕಂತ್ರಾಟುದಾರನ ಕಡೆಯವರು ಹೇಳಿದರು. ಗಂಡನ ಊರಿನಲ್ಲಿ ಅತ್ತೆ ಸಹಿತ ಎಲ್ಲರೂ ಅದನ್ನೇ ನಂಬಿದರು. ಗಂಟು ಬಿಚ್ಚಿರಲಿಲ್ಲ ಎಂಬುದನ್ನು ಮಗಳು ತೋರಿಸಬೇಕು, ಶಂಕ್ರಮ್ಮನಿಗೆ ಬೇಕಾಗಿರುವುದು ಅಷ್ಟೇ.

ಗುಲ್ಬರ್ಗಾ ಜಿಲ್ಲೆಯ ಗುರುಮಠಕಲ್ ಸೀಮೆಯಿಂದ ಈ ಕುಟುಂಬ ಹೈದರಾಬಾದಿಗೆ ಬಂದದ್ದು ಎಂಬತ್ತರ ದಶಕದಲ್ಲಿ. ತಂದೆ ಬೂದೆಪ್ಪ ಗಾರೆ ಕೆಲಸದವರು, ಈಗಿಲ್ಲ. ಕಟ್ಟಡ ಕೂಲಿಗಳು ಕಟ್ಟುತ್ತಿರುವ ಕಟ್ಟಡದೊಳಗೇ ಬಿಡಾರ ಹೂಡುತ್ತಾರೆ. ಮೊದಲ ಸ್ಲ್ಯಾಬ್ ಬಿದ್ದೊಡನೆ ಅದರ ಕೆಳಗೆ ಒಲೆ ಹೂಡಿದರೆ ಅದೇ ಮನೆ. ತಾಯಂದಿರು ಇಟ್ಟಿಗೆ ಹೊರಲು ಹೋಗುವಾಗ ಎಳೆಯ ಮಕ್ಕಳ ಸೊಂಟಕ್ಕೆ ಹಳೆಯ ಸೀರೆ ಬಿಗಿದು ಕಂಬದ ಸರಳಿಗೆ ಕಟ್ಟುತ್ತಾರೆ. ಕಿಟಕಿ ಬಾಗಿಲು ಕೂರಿಸುವ ಬಡಗಿಗಳು ಬಂದ ದಿನ ಬಿಡಾರ ಎದ್ದು ಮುಂದಿನ ಕಟ್ಟಡಕ್ಕೆ ಹೋಗುತ್ತದೆ. ಹೀಗೆ ಎಷ್ಟು ಮನೆಗಳಲ್ಲಿ ಬೆಳೆದಿರಿ ಎಂದು ಕೇಳಿದರೆ ರೇಣುಕಾ ನಗುತ್ತಾರೆ. "ಎಣಿಸಿಲ್ರಿ. ಒಂದಕ್ಕೂ ಬಾಗಿಲಾ ಇರಲಿಲ್ಲ. ಬಾಗಿಲಾ ಬಂತಂದ್ರ ನಾವು ಹೊಂಟೀವಿ ಅಂತಲೇ ಅರ್ಥ."

ರೇಣುಕಾರ ಚಿತ್ರಗಳಲ್ಲಿ ಕತ್ತಲು ಯಾಕಿಷ್ಟು ಎಂಬ ಪ್ರಶ್ನೆಗೆ ಉತ್ತರ ಬಹುಶಃ ಇಲ್ಲಿಯೇ ಸಿಗುತ್ತದೆ. ಅವರು ದೀಪ ಬಳಸುವುದೇ ಕಡಿಮೆ. ಬಿಡಾರದಲ್ಲಿ ಎಷ್ಟು ಬೆಳಕಿರುತ್ತದೋ ಅಷ್ಟೇ: ಒಲೆಯ ಉರಿ, ಒಂದು ಬುಡ್ಡಿ ದೀಪ, ಪಕ್ಕದ ಕಟ್ಟಡದ ಟ್ಯೂಬ್‌ಲೈಟ್. ಕೆಟ್ಟದ್ದು ಯಾವಾಗಲೂ ತೆರೆದ ಕಡೆಯಿಂದ ಬರುತ್ತದೆ. ಮುಚ್ಚಿದ ಕೋಣೆಯ ಭಯ ಅವರ ಯಾವ ಚಿತ್ರದಲ್ಲೂ ಇಲ್ಲ.

ಎರಡನೇ ಚಿತ್ರ ಮುಗಿಯುವುದು ಚೌಕಟ್ಟಿಗೆ ಬಾಗಿಲು ಕೂರಿಸುವ ದೃಶ್ಯದಿಂದ. ನಗರದ ಇನ್ನೊಂದು ಬಡಾವಣೆ ತಾರ್ನಾಕದಲ್ಲಿ ಒಂದು ಸಿನಿಮಾ ಕೂಟ ಅದನ್ನು ತೋರಿಸಿದಾಗ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಕಡೆಗೂ ಆ ಕುಟುಂಬಕ್ಕೆ ನೆಲೆ ಸಿಕ್ಕಿತೆಂದು ಅವರಿಗೆ ಸಂತೋಷ. ಮುಂದಿನ ವಾರ ಅದೇ ಚಿತ್ರವನ್ನು ಕೊಂಡಾಪುರದ ಕೂಲಿಗಳ ನಡುವೆ ಬಿಳಿ ಬಟ್ಟೆ ಕಟ್ಟಿ ತೋರಿಸಿದರು. ಬಾಗಿಲು ಕಂಡದ್ದೇ ಉಮಾಬಾಯಿ ಎಂಬ ಕೂಲಿ ಹೆಣ್ಣುಮಗಳು ಎದ್ದು, "ಏಳ್ರೆವ್ವಾ, ಬಡಗಿ ಬಂದಾನ. ಗಂಟು ಮೂಟಿ ಕಟ್ಟೂಣು ನಡೀರಿ," ಎಂದಾಗ ಜನ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

ತಾರ್ನಾಕದವರು ತಪ್ಪು ತಿಳಿದರೆಂದು ರೇಣುಕಾ ಭಾವಿಸುವುದಿಲ್ಲ. "ಮನಿ ಇದ್ದವರಿಗೆ ಬಾಗಿಲಾ ಛಲೋನೇ ಅಲ್ರಿ? ಅವ್ರು ಕಂಡದ್ದು ಅವ್ರಿಗೆ ಖರೇ. ನನಗ ಬಾಗಿಲಾ ನೋಡಿದ್ರ ಇವತ್ತಿಗೂ ಪಾತ್ರಿ ತೊಳ್ದಿಡಬೇಕು ಅನಸ್ತದ."

ಮೋಹನ ಬಿದ್ದ ಕಟ್ಟಡ ಅಮೀರ್‌ಪೇಟ್‌ನಲ್ಲಿ ಈಗಲೂ ಇದೆ. ಕಂಪ್ಯೂಟರ್ ಕಲಿಸುವ ಸಂಸ್ಥೆಗಳಿಂದ ತುಂಬಿದೆ. ಆ ಗುಂಡಿಯಲ್ಲಿ ಲಿಫ್ಟ್ ಓಡಾಡುತ್ತದೆ, ಹೊತ್ತಾರೆಯಿಂದ ಹುಡುಗ ಹುಡುಗಿಯರು ಅದಕ್ಕಾಗಿ ಸಾಲುಗಟ್ಟಿ ನಿಲ್ಲುತ್ತಾರೆ. ರೇಣುಕಾ ಕೆಲಸ ಮಾಡುವ ಸ್ಟುಡಿಯೋ ಅಲ್ಲಿಂದ ಎರಡು ಓಣಿ ದೂರ. ಆ ಲಿಫ್ಟ್ ಹತ್ತಿದ್ದೀರಾ ಎಂದರೆ, "ಯಾಕ ಹತ್ತಲಿ? ನಂದೇನು ಕೆಲಸ ಅದ ಅಲ್ಲಿ?" ಎಂದಷ್ಟೇ ಹೇಳಿ ಟೇಪು ಬದಲಿಸಲು ತಿರುಗುತ್ತಾರೆ.

ಚಿತ್ರದಲ್ಲಿ ತಾಯಿಯ ಪಾತ್ರ ಹುಮನಾಬಾದ್ ಕಡೆಯ ಐಶ್ವರ್ಯಾ ಅವರದು. ಅದೇ ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಕಲಿಯುತ್ತಿರುವವರು. ಇವತ್ತು ಚಿತ್ರೀಕರಣಕ್ಕೆ ಮೊದಲ ಬಾರಿ ಶಂಕ್ರಮ್ಮನೂ ಬಂದಿದ್ದಾರೆ. ಐವತ್ತು ದಾಟಿದರೂ ಬೇರೊಂದು ಕಟ್ಟಡದಲ್ಲಿ ಸ್ಲ್ಯಾಬಿಗೆ ನೀರು ಹೊಡೆಯುವ ಕೆಲಸ ಬಿಟ್ಟಿಲ್ಲ. ಇಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದವರು ಎದ್ದು ಬಂದು, ಐಶ್ವರ್ಯಾ ಹಾಕಿದ ಗಂಟನ್ನು ಒಂದೇ ಬೆರಳಲ್ಲಿ ಎಳೆಯುತ್ತಾರೆ. ಅದು ಸರಕ್ಕನೆ ಬಿಚ್ಚಿಕೊಳ್ಳುತ್ತದೆ.

"ಜಡಿಗೆ ರಿಬ್ಬನ್ ಕಟ್ಟಿದಂಗ ಕಟ್ಟೀದಿ ನೋಡವ್ವಾ! ಕೂಸು ಒಮ್ಮಿ ಎಳದ್ರ ಮುಗೀತು. ಹಿಂಗ ಕಟ್ಟಿದ್ರ ಅವ್ರು ಹೇಳಿದ್ದೇ ಖರೇ ಆಗ್ತದ."

ಐಶ್ವರ್ಯಾ ನಾಲಗೆ ಕಚ್ಚಿಕೊಳ್ಳುತ್ತಾರೆ. "ನಂಗ ಗೊತ್ತಾಗಲಿಲ್ಲ ಆಯಿ."

ಶಂಕ್ರಮ್ಮ ಸೀರೆಯನ್ನು ನೀರಲ್ಲಿ ಅದ್ದಿ ಹಿಂಡುತ್ತಾರೆ. ಒದ್ದೆ ಬಟ್ಟೆಯ ಗಂಟು ಒಣಗಿದಷ್ಟೂ ಬಿಗಿಯಾಗುತ್ತದಂತೆ. ಸರಳಿಗೆ ಸುತ್ತಿ, ಒಳಗಿನಿಂದ ತೆಗೆದು, ಕಾಲು ಕೊಟ್ಟು ಜಗ್ಗುತ್ತಾರೆ. ಮಗಳು ಕ್ಯಾಮೆರಾ ಚಾಲೂ ಇಡುವಂತೆ ಭೀಮಾಶಂಕರರಿಗೆ ಕಣ್ಸನ್ನೆ ಮಾಡುತ್ತಾರೆ. ತಾಯಿಯ ಕೈಗಳು ಮಾತ್ರ ಚಿತ್ರದೊಳಗೆ ಬರುತ್ತವೆ.

"ಸೀರಿ ಹರೀತು," ಕಟ್ಟುತ್ತಲೇ ಶಂಕ್ರಮ್ಮ ಹೇಳುತ್ತಾರೆ. "ಸರಳಿನ ತುದಿಗೆ ದಿನಾ ತಿಕ್ಕಿ ತಿಕ್ಕಿ ಸವದಿತ್ತು. ನಾ ಓಡಿ ಬಂದಾಗ ಗಂಟು ಸರಳಿಗೇ ಇತ್ತು. ಅವ್ರಿಗೆ ಬಿಚ್ಚಲಾಕ ಆಗಲಿಲ್ಲ, ಕತ್ತರೀಲೇ ಕೊಯ್ದು ಒಗದ್ರು. ಆಮ್ಯಾಲ ಗಂಟೇ ಬಿಚ್ಚೇದ ಅಂದ್ರು."

ಮಗು ಬೀಳುವುದನ್ನು ಹೇಗೆ ತೋರಿಸುತ್ತೀರಿ ಎಂದು ರೇಣುಕಾರನ್ನು ಕೇಳಿದವರು ಅನೇಕರು. ನೆರಳಿನಲ್ಲಿ ತೋರಿಸು, ಸದ್ದಿನಲ್ಲಿ ತೋರಿಸು ಎಂಬ ಸಲಹೆಗಳೂ ಬಂದಿವೆ. ಅವರ ಉತ್ತರ ಒಂದೇ: "ಅವ ಬಿದ್ದದ್ದು ಯಾರೂ ನೋಡಿಲ್ರಿ. ನಾ ನೀರಿಗೆ ಹೋಗಿದ್ದೆ, ಅವ್ವ ಮ್ಯಾಲಿದ್ಳು. ಯಾರೂ ನೋಡದ್ದು ನಾ ಹ್ಯಾಂಗ ತೋರ್ಸಲಿ? ಗಂಟು ಅವ್ವ ನೋಡ್ಯಾಳ. ಅದನ್ನ ತೋರಿಸ್ತೀನಿ." ಹಿಂದಿನ ಚಿತ್ರಗಳಲ್ಲೂ ಇದೇ ನಿಯಮ. ಅತಿ ಘೋರವಾದದ್ದು ಯಾವತ್ತೂ ಪರದೆಯ ಮೇಲೆ ನಡೆಯುವುದಿಲ್ಲ, ಅದರ ಪಕ್ಕದಲ್ಲಿ ಏನು ಉಳಿಯಿತೋ ಅದು ಕಾಣುತ್ತದೆ.

ಆಕಾಶ ಬೂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಕೊನೆಯ ಶಾಟ್ ಮುಗಿದಿದೆ. ಕಂಬ, ಸರಳು, ಶಾಟಿಗೆಂದು ಹರಿದು ಜೋಲುಬಿಟ್ಟ ಸೀರೆಯ ಚೂರು, ಅಲುಗದ ಗಂಟು. ಮರಳಿನ ಚೀಲ ಕಾಣುವುದಿಲ್ಲ, ಗುಂಡಿಯೂ ಕಾಣುವುದಿಲ್ಲ. ಭೀಮಾಶಂಕರ ಟೇಪನ್ನು ಹಿಂದಕ್ಕೆ ಸುತ್ತಿ ಕ್ಯಾಮೆರಾವನ್ನು ಶಂಕ್ರಮ್ಮನ ಮುಂದೆ ಹಿಡಿಯುತ್ತಾರೆ. ಅವರು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಾರೆ. "ಮತ್ತೊಮ್ಮಿ ಹಾಕಪ್ಪಾ." ಮತ್ತೊಮ್ಮೆ ನೋಡುತ್ತಾರೆ.

ಚಿತ್ರವನ್ನು ಮೊದಲು ತಾರ್ನಾಕದಲ್ಲಿ ತೋರಿಸಬೇಕೋ ಕೂಲಿಗಳ ನಡುವೆಯೋ ಎಂದು ರೇಣುಕಾ ಇನ್ನೂ ತೀರ್ಮಾನಿಸಿಲ್ಲ. ತಾಯಿ ತೀರ್ಮಾನಿಸಿದ್ದಾರೆ. ಮಗ ಸತ್ತ ಮೇಲೆ ಅವರು ಗಂಡನ ಊರಿಗೆ ಕಾಲಿಟ್ಟಿಲ್ಲ.

"ಊರಾಗ ಹಾಕು," ಎನ್ನುತ್ತಾರೆ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ನಮ್ಮತ್ತಿ ಇನ್ನಾ ಇದ್ದಾಳ, ಕಣ್ಣೂ ಛಂದ ಕಾಣಸ್ತಾವ. ಪರದಿ ಅಕಿ ಮನಿ ಎದುರಿಗೇ ಕಟ್ರಿ. ಕಟ್ಟಲಾಕ ನಾ ಬರ್ತೀನಿ."