ಹೊಟ್ಟೆ ಒಪ್ಪಿದ ಕಾರು

ನಮ್ಮ ಕಾರು ಕಾರ್ಖಾನೆಯಲ್ಲಿ ಹೊಟ್ಟೆ ತೊಳಸಿಕೊಳ್ಳುವುದಕ್ಕೇ ಸಂಬಳ ಪಡೆಯುತ್ತಿದ್ದವರು ಒಬ್ಬರೇ. ಹೊಟ್ಟೆ ಸಾಹೇಬರು ಎಂದೇ ಎಲ್ಲರೂ ಕರೆಯುತ್ತಿದ್ದೆವು. ಬಸ್ಸು ಹತ್ತಿದರೆ ಎರಡನೆಯ ತಿರುವಿಗೇ ಕಿಟಕಿ ಹುಡುಕುವವರು. ಅದು ತಾಯಿಯಿಂದ ಬಂದ ಬಳುವಳಿ. ಆಕೆಯಂತೂ ವಾಂತಿಗೆ ಹೆದರಿ, ಪಕ್ಕದ ಊರಿನಲ್ಲಿದ್ದ ಸ್ವಂತ ಅಕ್ಕನ ಮನೆಗೂ ವರ್ಷಗಟ್ಟಲೆ ಹೋಗಿರಲಿಲ್ಲ.

ನಾನು ಹೊಸ ಹೈಬ್ರಿಡ್ ಕಾರನ್ನು ಓಡಿಸುವುದು, ಸಾಹೇಬರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುವುದು. ಹೊಟ್ಟೆಪಾಡು ಅಂದರೆ ಇದೇ. ಆ ಕಾರು ಮೊದಲು ಬ್ಯಾಟರಿಯ ಮೋಟರಿನಿಂದ ಸದ್ದಿಲ್ಲದೆ ಹೊರಡುತ್ತದೆ. ಏರು ಬಂದಾಗ ಪೆಟ್ರೋಲ್ ಎಂಜಿನ್ ಏಳಬೇಕು. ಅದನ್ನು ಎಬ್ಬಿಸಲು ಬೇರೆ ಸ್ಟಾರ್ಟರ್ ಇಲ್ಲ. ಗೇರ್‌ಬಾಕ್ಸಿನೊಳಗಿನ ಕ್ಲಚ್ ಮೆಲ್ಲಗೆ ಕಚ್ಚಿಕೊಂಡು, ಆಗಲೇ ತಿರುಗುತ್ತಿರುವ ಮೋಟರಿನ ಬಲದಿಂದ ಎಂಜಿನ್ನನ್ನೂ ತಿರುಗಿಸುತ್ತದೆ. ಕೆಟ್ಟು ನಿಂತ ಗಾಡಿಯನ್ನು ತಳ್ಳಿ, ಗೇರಿಗೆ ಹಾಕಿ ಸ್ಟಾರ್ಟ್ ಮಾಡಿದವರಿಗೆ ಇದು ಹೊಸದೇನಲ್ಲ. ತೊಡಕು ಬೇರೆ ಕಡೆ ಇದೆ. ಚಕ್ರದ ಪಾಲಿನ ಬಲದಲ್ಲಿ ಆ ಕ್ಷಣ ಎಂಜಿನ್ನಿಗೂ ಒಂದಿಷ್ಟು ಹೋಗುತ್ತದೆ. ಮೋಟರು ಅದನ್ನು ಕೂಡಲೇ ತುಂಬಿಕೊಡದಿದ್ದರೆ ಕಾರು ಸಣ್ಣಗೆ ಜಗ್ಗುತ್ತದೆ. ಅಳೆಯಲು ಯಂತ್ರಗಳಿದ್ದವು. ಆದರೆ ಕಾರು ಕೊಳ್ಳುವವರು ಯಂತ್ರಗಳಲ್ಲವಲ್ಲ. ಆ ಜಗ್ಗು ಹಿಡಿಯಲೆಂದೇ ಸಾಹೇಬರ ಹೊಟ್ಟೆ.

ಒಂದು ದಿನ ಏರು ಮುಗಿದ ಮೇಲೆ ಸಾಹೇಬರು ಕಣ್ಣು ಬಿಟ್ಟು, ಎಂಜಿನ್ ಎಲ್ಲಿ ಶುರುವಾಯಿತೆಂದು ಕೇಳಿದರು. ಸೇತುವೆಯ ಹತ್ತಿರವೇ ಎಂದೆ. ಅವರ ಮುಖ ಬಾಡಿತು. ಆ ಜಗ್ಗನ್ನು ಹೋಗಲಾಡಿಸಲು ತಿಂಗಳುಗಟ್ಟಲೆ ಹೆಣಗಿ, ಅಂದು ಹಿಂದೆ ಕೂತಿದ್ದ ಎಂಜಿನಿಯರಮ್ಮ ಹಿಗ್ಗಿಹೋಗಿ, ಹಾಗಾದರೆ ಒಪ್ಪಿಗೆ ಕೊಟ್ಟುಬಿಡಿ ಎಂದರು. ಸಾಹೇಬರಿಗೆ ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಳೆ ಹೇಳುತ್ತೇನೆಂದರು.

ಇಳಿದ ಮೇಲೆ ನನ್ನೊಬ್ಬನಿಗೇ ಹೇಳಿದರು: "ಕಾರು ಸರಿಹೋಯ್ತೋ, ನನ್ನ ಹೊಟ್ಟೆಯೇ ಜಡ್ಡುಗಟ್ಟಿತೋ ಗೊತ್ತಾಗ್ತಿಲ್ಲ. ಎರಡ್ರಲ್ಲಿ ಯಾವುದಾದ್ರೂ ನನ್ನ ಕೆಲಸ ಹೋಯ್ತು. ಆದ್ರೆ ಸುಳ್ಳು ಒಪ್ಪಿಗೆ ಕೊಡಬಾರದಲ್ಲ?"

ಮರುದಿನ ಎಂಜಿನಿಯರಮ್ಮನ ಅನುಮತಿ ಕೇಳಿಕೊಂಡು ತಾಯಿಯನ್ನೇ ಕರೆತಂದರು. ಆಕೆಯ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ. ಹೆತ್ತ ತಪ್ಪಿಗೆ ಇದೊಂದು ಬಾಕಿ ಇತ್ತು ಎಂದು ಗೊಣಗುತ್ತ ಹತ್ತಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಸಾಹೇಬರು ಇಡೀ ದಾರಿ ಹಿಂದಕ್ಕೆ ತಿರುಗಿ ಅಮ್ಮನ ಮುಖವನ್ನೇ ನೋಡುತ್ತಿದ್ದರು. ಹಾಗೆ ಕೂತರೆ ಗಟ್ಟಿಮುಟ್ಟಾದವರಿಗೂ ತಲೆ ಸುತ್ತುತ್ತದೆ; ಅವರಿಗೆ ಅದರ ಪರಿವೆಯೇ ಇರಲಿಲ್ಲ. ಸೇತುವೆಯ ಬಳಿ ಎಂಜಿನ್ ಎದ್ದಿತು, ಇಳಿಜಾರಿನಲ್ಲಿ ಮಲಗಿತು, ಮುಂದಿನ ಏರಿನಲ್ಲಿ ಮತ್ತೆ ಎದ್ದಿತು. ಆಕೆಯ ಮೂಗಿನ ಬಳಿ ಇದ್ದ ನಿಂಬೆಹಣ್ಣು ಮೆಲ್ಲಮೆಲ್ಲಗೆ ಮಡಿಲಿಗಿಳಿಯಿತು. ನೋಡಿದರೆ ಗೊರಕೆ.

ಏರಿನ ತುದಿಯಲ್ಲಿ ಕಾರು ನಿಲ್ಲಿಸಿದಾಗ ಆಕೆಗೆ ಎಚ್ಚರವಾಯಿತು. ಕೆಳಗೆ ಹರಡಿದ್ದ ಊರನ್ನು ನೋಡಿದರು, ಖಾಲಿ ಚೀಲವನ್ನು ನೋಡಿದರು.

"ಇಂಥದ್ರಲ್ಲಾದ್ರೆ ಅಕ್ಕನ ಮನೆಗೆ ಹೋಗಬಹುದಿತ್ತು ಕಣೋ" ಎಂದರು.

ಸಾಹೇಬರು ಚೀಲ ತೆಗೆದುಕೊಂಡು ಮಡಚಿ ಜೇಬಿಗಿಟ್ಟರು.

"ಹೋಗೋಣಮ್ಮ. ಇನ್ಮೇಲೆ ನಂಗೂ ಬಿಡುವೇ."